ಒಕ್ಕೂಟದಾಚೆ ಒಂದು ರಾಜ್ಯದ ಲೆಕ್ಕ

ಅಮೆರಿಕ ಸಂಯುಕ್ತ ಸಂಸ್ಥಾನದ ಐವತ್ತು ರಾಜ್ಯಗಳಲ್ಲಿ ಯಾವುದಾದರೊಂದು ಒಕ್ಕೂಟವನ್ನು ಬಿಟ್ಟು ಸ್ವತಂತ್ರ ರಾಷ್ಟ್ರವಾದರೆ ಆರ್ಥಿಕವಾಗಿ ಬಾಳಬಲ್ಲದೆ ಎಂಬ ಪ್ರಶ್ನೆಯು, ಆ ದೇಶದ ರಾಜಕೀಯದಲ್ಲಿ ಅಸಮಾಧಾನ ಹೆಚ್ಚಿದಾಗಲೆಲ್ಲ, ಒಮ್ಮೆ ಟೆಕ್ಸಸ್‌ನಿಂದಲೂ ಇನ್ನೊಮ್ಮೆ ಕ್ಯಾಲಿಫೋರ್ನಿಯಾದಿಂದಲೂ ಕೇಳಿಬರುತ್ತದೆ. ಆ ಪ್ರಶ್ನೆಯ ರಾಜಕೀಯ ಮುಖವನ್ನು ಬದಿಗಿರಿಸಿ ಆರ್ಥಿಕ ತಿರುಳನ್ನಷ್ಟೇ ಪರಿಶೀಲಿಸುವ ಈ ಸಂವಾದದಲ್ಲಿ ಅರ್ಥಶಾಸ್ತ್ರದ ಸಂಶೋಧಕಿಯೊಬ್ಬರೂ, ಅಮೆರಿಕದ ಇತಿಹಾಸವನ್ನು ಬಹುಕಾಲ ಬೋಧಿಸಿರುವ ಅಧ್ಯಾಪಕರೊಬ್ಬರೂ ಮಾತನಾಡುತ್ತಾರೆ.

ಸಂಶೋಧಕಿ: ಸರ್, ಅಂಕಿಗಳನ್ನು ನೋಡಿದರೆ ಈ ಪ್ರಶ್ನೆಗೆ ಉತ್ತರ ಆಗಲೇ ಸಿಕ್ಕಿದೆಯೆಂದು ತೋರುತ್ತದೆ. ಒಂದು ಪ್ರದೇಶದ ಎಲ್ಲೆಯೊಳಗೆ ಒಂದು ವರ್ಷದಲ್ಲಿ ಉತ್ಪಾದನೆಯಾದ ಸರಕು ಮತ್ತು ಸೇವೆಗಳ ಮೌಲ್ಯವನ್ನು ಆ ಪ್ರದೇಶದ ಒಟ್ಟು ಉತ್ಪನ್ನ ಎನ್ನುತ್ತಾರೆ. 2024ರಲ್ಲಿ ಕ್ಯಾಲಿಫೋರ್ನಿಯಾದ ಒಟ್ಟು ಉತ್ಪನ್ನ ಸುಮಾರು 4.1 ಲಕ್ಷ ಕೋಟಿ ಡಾಲರ್ ಆಗಿತ್ತು. ಅದು ಜಪಾನಿನ ಉತ್ಪನ್ನವನ್ನು ಮೀರಿದೆಯೆಂದು ಆ ರಾಜ್ಯದ ಗವರ್ನರ್ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು. ಟೆಕ್ಸಸ್‌ನ ಉತ್ಪನ್ನ ಕೆನಡಾ ದೇಶದ್ದಕ್ಕಿಂತ ದೊಡ್ಡದು. ಸುಮಾರು ಆರೂವರೆ ಲಕ್ಷ ಜನರಿರುವ ವರ್ಮಾಂಟ್ ಕೂಡ ಐಸ್‌ಲ್ಯಾಂಡಿಗಿಂತ ಹೆಚ್ಚು ಉತ್ಪಾದಿಸುತ್ತದೆ. ಬಡ ರಾಜ್ಯವೆಂದೇ ಹೆಸರಾದ ಮಿಸಿಸಿಪ್ಪಿಯ ತಲಾ ಉತ್ಪನ್ನವು, ಡಾಲರಿನ ಲೆಕ್ಕದಲ್ಲಿ, ಬ್ರಿಟನ್ನಿನ ತಲಾ ಉತ್ಪನ್ನದ ಆಸುಪಾಸಿನಲ್ಲಿದೆ. ಕೆನಡಾ, ಬ್ರಿಟನ್, ಐಸ್‌ಲ್ಯಾಂಡುಗಳು ರಾಷ್ಟ್ರಗಳಾಗಿ ನೆಮ್ಮದಿಯಿಂದ ಬಾಳುತ್ತಿರುವಾಗ ಈ ರಾಜ್ಯಗಳು ಬಾಳಲಾರವೆನ್ನಲು ಯಾವ ಆಧಾರವಿದೆ?

ಅಧ್ಯಾಪಕರು: ಬಾಳಲಾರವೆಂದು ಹೇಳುವುದು ಕಷ್ಟವೇ. ಆದರೆ ಈ ಅಂಕಿಗಳು ಒಕ್ಕೂಟದೊಳಗೆ ಇದ್ದುಕೊಂಡು ಆ ರಾಜ್ಯಗಳು ಎಷ್ಟು ಉತ್ಪಾದಿಸುತ್ತಿವೆ ಎಂಬುದನ್ನು ಹೇಳುತ್ತವೆಯೇ ಹೊರತು, ಒಕ್ಕೂಟವನ್ನು ಕಳೆದರೆ ಎಷ್ಟು ಉಳಿದೀತೆಂಬುದನ್ನು ಹೇಳುವುದಿಲ್ಲ. ದಕ್ಷಿಣ ಡಕೋಟವನ್ನು ಗಮನಿಸಿ. ರಾಷ್ಟ್ರೀಯ ಬ್ಯಾಂಕೊಂದು ತನ್ನ ನೆಲೆಯಿರುವ ರಾಜ್ಯದಲ್ಲಿ ಅನುಮತಿಸಲಾದ ಬಡ್ಡಿ ದರವನ್ನು ಬೇರೆ ರಾಜ್ಯಗಳ ಗ್ರಾಹಕರಿಂದಲೂ ವಸೂಲಿ ಮಾಡಬಹುದೆಂದು ಸುಪ್ರೀಂ ಕೋರ್ಟ್ 1978ರಲ್ಲಿ ತೀರ್ಪು ಕೊಟ್ಟಿತು. ದಕ್ಷಿಣ ಡಕೋಟ 1980ರಲ್ಲಿ ಬಡ್ಡಿಯ ಮೇಲಿದ್ದ ಮಿತಿಯನ್ನು ತೆಗೆದುಹಾಕಿತು; ಮರುವರ್ಷವೇ ಸಿಟಿಬ್ಯಾಂಕ್ ತನ್ನ ಕ್ರೆಡಿಟ್ ಕಾರ್ಡ್ ವ್ಯವಹಾರವನ್ನು ನ್ಯೂಯಾರ್ಕಿನಿಂದ ಸು ಫಾಲ್ಸ್ ಪಟ್ಟಣಕ್ಕೆ ಒಯ್ದಿತು. ಗೋಧಿ, ಮೆಕ್ಕೆಜೋಳ ಮತ್ತು ದನಗಳ ನಾಡಾಗಿದ್ದ ಆ ರಾಜ್ಯದ ಉತ್ಪನ್ನದಲ್ಲಿ ಇಂದು ಬ್ಯಾಂಕಿಂಗಿನ ಪಾಲು ದೊಡ್ಡದಾಗಿರುವುದಕ್ಕೆ ಇದೇ ಮೂಲ. ಆ ಆದಾಯ ದಕ್ಷಿಣ ಡಕೋಟದ ಲೆಕ್ಕಕ್ಕೆ ಸೇರುತ್ತದೆಯಾದರೂ, ಅದನ್ನು ಹುಟ್ಟಿಸಿದ್ದು ಐವತ್ತು ರಾಜ್ಯಗಳಿಗೂ ಅನ್ವಯಿಸುವ ಒಂದು ಕಾನೂನು. ಆ ರಾಜ್ಯ ನಾಳೆ ಪರದೇಶವಾದರೆ ಅಲ್ಲಿನ ಬ್ಯಾಂಕು ಓಹಾಯೊದ ಗ್ರಾಹಕರಿಗೆ ತನ್ನ ದರವನ್ನು ವಿಧಿಸಲಾರದು. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಬಹುಪಾಲು ಪುಟ್ಟ ಡೆಲವೇರಿನಲ್ಲಿ ನೋಂದಣಿಯಾಗಿರುವುದು ಇದೇ ಬಗೆಯ ಸಂಪತ್ತು. ಕ್ಯಾಲಿಫೋರ್ನಿಯಾದ ಬಂದರುಗಳದೂ ಇದೇ ಕಥೆ: ಲಾಸ್ ಏಂಜಲಿಸ್ ಮತ್ತು ಲಾಂಗ್ ಬೀಚ್‌ಗಳಲ್ಲಿ ಇಳಿಯುವ ಏಷ್ಯಾದ ಕಂಟೇನರುಗಳಲ್ಲಿ ಎಷ್ಟೋ ಭಾಗ ರೈಲೇರಿ ಒಳನಾಡಿಗೆ ಹೋಗುವಂಥವು.

ಸಂಶೋಧಕಿ: ಇದರಿಂದ ಮಾರುಕಟ್ಟೆ ಬೇಕೆಂದು ಸಿದ್ಧವಾಗುತ್ತದೆಯೇ ಹೊರತು, ಒಂದೇ ಸರ್ಕಾರದ ಅಡಿಯಲ್ಲಿರಬೇಕೆಂದು ಸಿದ್ಧವಾಗುವುದಿಲ್ಲ. ರಾಷ್ಟ್ರಗಳ ಗಾತ್ರವನ್ನು ಕುರಿತು ಅರ್ಥಶಾಸ್ತ್ರಜ್ಞರಾದ ಅಲ್ಬರ್ಟೊ ಅಲೆಸಿನಾ ಮತ್ತು ಎನ್ರಿಕೊ ಸ್ಪೊಲಾವೊರೆ 2003ರ ತಮ್ಮ ಗ್ರಂಥದಲ್ಲಿ ವಾದಿಸಿದ್ದು ಇದನ್ನೇ: ಗಡಿಗಳಾಚೆಗಿನ ವ್ಯಾಪಾರ ಮುಕ್ತವಾಗಿದ್ದಷ್ಟೂ ದೊಡ್ಡ ರಾಷ್ಟ್ರವಾಗಿರುವುದರ ಲಾಭ ಕಡಿಮೆಯಾಗುತ್ತದೆ, ಏಕೆಂದರೆ ಸಣ್ಣ ದೇಶಕ್ಕೂ ಇಡೀ ಜಗತ್ತೇ ಮಾರುಕಟ್ಟೆಯಾಗುತ್ತದೆ. ಸಿಂಗಪುರ 1965ರಲ್ಲಿ ಮಲೇಷ್ಯಾದಿಂದ ಬೇರ್ಪಟ್ಟಾಗ ಕುಡಿಯುವ ನೀರಿಗೂ ನೆರೆಯನ್ನು ಅವಲಂಬಿಸಿತ್ತು. ಇಂದು ಅದರ ತಲಾ ಆದಾಯ ನೆರೆಯದಕ್ಕಿಂತ ಹಲವು ಪಟ್ಟು.

ಅಧ್ಯಾಪಕರು: ಗಡಿ ತೆರೆದಿದ್ದರೂ ಗಡಿಯೇ. ಕೆನಡಾದ ಪ್ರಾಂತ್ಯಗಳು ಅಷ್ಟೇ ದೂರದಲ್ಲಿರುವ, ಅಷ್ಟೇ ಗಾತ್ರದ ಅಮೆರಿಕದ ರಾಜ್ಯಗಳೊಡನೆ ನಡೆಸುವುದಕ್ಕಿಂತ ತಮ್ಮತಮ್ಮಲ್ಲಿ ಸುಮಾರು 22 ಪಟ್ಟು ಹೆಚ್ಚು ವ್ಯಾಪಾರ ನಡೆಸುತ್ತಿದ್ದವೆಂದು ಅರ್ಥಶಾಸ್ತ್ರಜ್ಞ ಜಾನ್ ಮೆಕ್ಯಾಲಮ್ 1988ರ ಅಂಕಿಗಳಿಂದ ತೋರಿಸಿದ್ದು ಅರ್ಥಶಾಸ್ತ್ರವನ್ನು ಓದಿದ ನಿಮಗೆ ಗೊತ್ತೇ ಇದೆ.

ಸಂಶೋಧಕಿ: ಗೊತ್ತಿದೆ, ಸರ್. ಆದರೆ ಆ ಅಂಕಿಯನ್ನು 2003ರಲ್ಲಿ ಆಂಡರ್ಸನ್ ಮತ್ತು ವಾನ್ ವಿನ್‌ಕೂಪ್ ಎಂಬವರು ತಿದ್ದಿದರು. ಗಡಿಯ ನಿಜವಾದ ಪರಿಣಾಮ ಅದಕ್ಕಿಂತ ಬಹಳ ಕಡಿಮೆಯೆಂದು ಅವರು ತೋರಿಸಿದರು.

ಅಧ್ಯಾಪಕರು: ಕಡಿಮೆಯೆಂದರೂ ಅಲ್ಪವಲ್ಲ. ಅದಕ್ಕಿಂತ ಮುಖ್ಯವಾಗಿ, ಮೆಕ್ಯಾಲಮ್‌ಗೆ ಅಷ್ಟು ದೊಡ್ಡ ಅಂಕಿ ಸಿಕ್ಕಿದ್ದು ಕೆನಡಾ ಎರಡು ದೇಶಗಳಲ್ಲಿ ಸಣ್ಣದಾಗಿದ್ದರಿಂದ ಎಂದು ಅವರಿಬ್ಬರು ವಿವರಿಸಿದರು. ಒಂದೇ ಗಡಿರೇಖೆ ದೊಡ್ಡ ದೇಶಕ್ಕೆ ಸ್ವಲ್ಪವೇ ತಟ್ಟುತ್ತದೆ, ಸಣ್ಣ ದೇಶಕ್ಕೆ ಬಲವಾಗಿ ತಟ್ಟುತ್ತದೆ. ಏಕೆಂದರೆ ಸಣ್ಣದರ ವ್ಯಾಪಾರದಲ್ಲಿ ಬಹುಪಾಲು ಆ ರೇಖೆಯನ್ನು ದಾಟಲೇಬೇಕಾಗುತ್ತದೆ. ಬೇರ್ಪಡುವ ರಾಜ್ಯ ಯಾವುದೇ ಇರಲಿ, ಉಳಿದ ನಲವತ್ತೊಂಬತ್ತರ ಎದುರಿನಲ್ಲಿ ಅದು ಸಣ್ಣದೇ. ಇನ್ನು ಮುಕ್ತ ವ್ಯಾಪಾರವನ್ನು ಸಿದ್ಧಾಂತದಲ್ಲಿ ಒಂದು ಸ್ಥಿತಿಯೆಂದು ಭಾವಿಸಬಹುದಾದರೂ ಇತಿಹಾಸದಲ್ಲಿ ಅದು ಯಾರೋ ಕೊಟ್ಟದ್ದಾಗಿಯೇ ಕಾಣಿಸುತ್ತದೆ, ಮತ್ತು ಕೊಟ್ಟವರು ಅದನ್ನು ಹಿಂತೆಗೆದುಕೊಂಡದ್ದೂ ಉಂಟು. ಇದಕ್ಕೆ ಇಂದಿನ ಐವತ್ತು ರಾಜ್ಯಗಳಲ್ಲೇ ಒಂದಾದ ಹವಾಯಿ ಸಾಕ್ಷಿ.

ಸಂಶೋಧಕಿ: ಹವಾಯಿ ಒಂದು ಕಾಲಕ್ಕೆ ರಾಜರ ಆಳ್ವಿಕೆಯಲ್ಲಿದ್ದ ದ್ವೀಪ ರಾಷ್ಟ್ರವಲ್ಲವೆ?

ಅಧ್ಯಾಪಕರು: ಹೌದು, ಬ್ರಿಟನ್, ಫ್ರಾನ್ಸ್, ಅಮೆರಿಕಗಳೊಡನೆ ಒಪ್ಪಂದ ಮಾಡಿಕೊಂಡಿದ್ದ, ಸ್ವಂತ ಸಂವಿಧಾನವಿದ್ದ ಸಾರ್ವಭೌಮ ರಾಷ್ಟ್ರ. 1875ರ ಪರಸ್ಪರ ರಿಯಾಯಿತಿ ಒಪ್ಪಂದದಿಂದ ಹವಾಯಿಯ ಸಕ್ಕರೆಗೆ ಅಮೆರಿಕದ ಮಾರುಕಟ್ಟೆಯಲ್ಲಿ ಸುಂಕವಿಲ್ಲದ ಪ್ರವೇಶ ಸಿಕ್ಕಿತು. ಮುಂದಿನ ಹದಿನೈದು ವರ್ಷಗಳಲ್ಲಿ ಸಕ್ಕರೆಯ ರಫ್ತು ಸುಮಾರು ಹತ್ತು ಪಟ್ಟು ಹೆಚ್ಚಿತು. ಭೂಮಿ, ನೀರಾವರಿ, ಚೀನಾ ಮತ್ತು ಜಪಾನಿನಿಂದ ಕರೆತಂದ ಕೂಲಿಕಾರರು, ಸಾಲದ ವ್ಯವಹಾರ ಎಲ್ಲವೂ ಆ ಒಂದು ಬೆಳೆಯ ಸುತ್ತ, ಆ ಒಬ್ಬ ಗ್ರಾಹಕನ ಸುತ್ತ ಸೇರಿಕೊಂಡವು. ಒಪ್ಪಂದವನ್ನು 1887ರಲ್ಲಿ ನವೀಕರಿಸುವಾಗ ಪರ್ಲ್ ಹಾರ್ಬರ್ ಬಂದರನ್ನು ಬಳಸುವ ಏಕಮಾತ್ರ ಹಕ್ಕನ್ನು ಅಮೆರಿಕಕ್ಕೆ ಬಿಟ್ಟುಕೊಡಬೇಕಾಯಿತು. ಅನಂತರ 1890ರಲ್ಲಿ ಅಮೆರಿಕದ ಸಂಸತ್ತು ಮೆಕಿನ್ಲಿ ಸುಂಕ ಕಾಯ್ದೆಯನ್ನು ಮಾಡಿತು. ಆ ಕಾಯ್ದೆ ಎಲ್ಲ ದೇಶಗಳ ಕಚ್ಚಾ ಸಕ್ಕರೆಯ ಮೇಲಿನ ಸುಂಕವನ್ನೂ ತೆಗೆದುಹಾಕಿ, ಅಮೆರಿಕದ ಸ್ವಂತ ಬೆಳೆಗಾರರಿಗೆ ಪೌಂಡಿಗೆ ಎರಡು ಸೆಂಟಿನಂತೆ ಪ್ರೋತ್ಸಾಹಧನ ಕೊಟ್ಟಿತು. ಹವಾಯಿಯ ವಿರುದ್ಧ ಅದರಲ್ಲಿ ಒಂದು ಮಾತೂ ಇರಲಿಲ್ಲ; ಒಪ್ಪಂದವನ್ನು ಮುರಿಯಲೂ ಇಲ್ಲ. ಆದರೂ ಹವಾಯಿಯ ಅನುಕೂಲ ಒಮ್ಮೆಲೇ ಇಲ್ಲವಾಯಿತು, ಸಕ್ಕರೆಯ ಬೆಲೆ ಕುಸಿಯಿತು, ತೋಟಗಳು ಸಂಕಟಕ್ಕೆ ಸಿಕ್ಕವು. ಮೂರು ವರ್ಷ ಕಳೆಯುವುದರೊಳಗೆ, 1893ರ ಜನವರಿಯಲ್ಲಿ, ರಾಣಿ ಲಿಲಿಯೊಕಲಾನಿಯವರನ್ನು ಪದಚ್ಯುತಗೊಳಿಸಲಾಯಿತು. ಆ ಅನ್ಯಾಯಕ್ಕೆ ಸುಂಕವೊಂದೇ ಕಾರಣವಲ್ಲ: ರಾಣಿಯವರು ಹೊಸ ಸಂವಿಧಾನ ತರಲು ಮುಂದಾಗಿದ್ದರು, ಅಮೆರಿಕದ ರಾಯಭಾರಿ ಸಂಚುಗಾರರ ಬೆನ್ನಿಗಿದ್ದರು, ಯುದ್ಧನೌಕೆಯಿಂದ ಸೈನಿಕರು ದಡಕ್ಕಿಳಿದಿದ್ದರು. ಆದರೂ ಒಂದು ರಾಷ್ಟ್ರದ ಬದುಕು ನೆರೆಯ ಶಾಸನಸಭೆಯ ಒಂದು ಮತದಾನದಿಂದ ಹಾಗೆ ಅಲ್ಲಾಡಬಲ್ಲದಾಗಿತ್ತೆಂಬುದನ್ನು ಮರೆಯಲಾಗದು. ಆ ಸಭೆಯಲ್ಲಿ ಹವಾಯಿಗೆ ಒಂದು ಸ್ಥಾನವೂ ಇರಲಿಲ್ಲ. ಒಕ್ಕೂಟದಲ್ಲಿರುವ ಅತಿ ಸಣ್ಣ ರಾಜ್ಯಕ್ಕೂ ಇಂದು ಅಲ್ಲಿ ಇಬ್ಬರು ಸೆನೆಟರುಗಳಿದ್ದಾರೆ.

ಸಂಶೋಧಕಿ: ಒಂದೇ ಬೆಳೆಯನ್ನು ನೆಚ್ಚಿದ ದ್ವೀಪದ ಅನುಭವವನ್ನು ಟೆಕ್ಸಸ್‌ಗೆ ಅನ್ವಯಿಸುವುದು ನ್ಯಾಯವೆ? ಅಲ್ಲಿ ತೈಲ, ಅನಿಲ, ಗಾಳಿ ವಿದ್ಯುತ್ತು, ಹ್ಯೂಸ್ಟನ್ನಿನ ಬಂದರು, ಆಸ್ಟಿನ್ನಿನ ಚಿಪ್ ಕಾರ್ಖಾನೆಗಳು ಎಲ್ಲವೂ ಇವೆ; ಜೊತೆಗೆ ಒಮ್ಮೆ ರಾಷ್ಟ್ರವಾಗಿದ್ದ ನೆನಪೂ ಇದೆ.

ಅಧ್ಯಾಪಕರು: ಆ ನೆನಪನ್ನು ಹೆಮ್ಮೆಯಿಂದ ಎತ್ತಿ ಹೇಳುವವರು ಅದರ ಲೆಕ್ಕಪತ್ರವನ್ನು ಅಪರೂಪವಾಗಿ ತೆರೆಯುತ್ತಾರೆ. ಟೆಕ್ಸಸ್ 1836ರಿಂದ 1845ರವರೆಗೆ ಗಣರಾಜ್ಯವಾಗಿತ್ತು. ಅದರ ಸರ್ಕಾರಕ್ಕೆ ಮುಖ್ಯ ಆದಾಯ ಆಮದು ಸುಂಕ. ಖರ್ಚೋ ಸೇನೆಯದು, ಏಕೆಂದರೆ ಮೆಕ್ಸಿಕೊ ಅದರ ಸ್ವಾತಂತ್ರ್ಯವನ್ನು ಒಪ್ಪಿರಲಿಲ್ಲ. ಆದಾಯ ಸಾಲದೆ ಹೋದಾಗ ಅದು ನೋಟು ಮುದ್ರಿಸಿತು. ಹಿಂಬದಿಯ ಬಣ್ಣದಿಂದಾಗಿ ‘ರೆಡ್‌ಬ್ಯಾಕ್’ ಎಂದು ಕರೆಸಿಕೊಂಡ ಆ ನೋಟು 1839ರಲ್ಲಿ ಚಲಾವಣೆಗೆ ಬಂತು, 1842ರ ಹೊತ್ತಿಗೆ ಡಾಲರಿಗೆ ಕೆಲವೇ ಸೆಂಟುಗಳಿಗೆ ಇಳಿಯಿತು. ಎರಡನೆಯ ಬಾರಿ ಅಧ್ಯಕ್ಷರಾದ ಸ್ಯಾಮ್ ಹ್ಯೂಸ್ಟನ್ ಖರ್ಚನ್ನು ಕಠಿಣವಾಗಿ ಕತ್ತರಿಸಿದರೂ ಸಾಲ ಕರಗಲಿಲ್ಲ. ಟೆಕ್ಸಸ್ ಒಕ್ಕೂಟವನ್ನು ಸೇರಿದಾಗ ಸಾಲ ಒಂದು ಕೋಟಿ ಡಾಲರಿನ ಸಮೀಪವಿತ್ತು. ಆ ಸಾಲಕ್ಕೆ ಆಧಾರವಾಗಿ ತೋರಿಸಿದ್ದ ಸುಂಕದ ಆದಾಯವು ಈಗ ಕೇಂದ್ರ ಸರ್ಕಾರದ್ದಾಗಿ, ಸಾಲ ಕೊಟ್ಟವರು ವಾಷಿಂಗ್ಟನ್ನಿನ ಬಾಗಿಲಿಗೆ ಬಂದರು. ಕೊನೆಗೆ 1850ರಲ್ಲಿ, ಪಶ್ಚಿಮ ಮತ್ತು ಉತ್ತರದ ವಿಶಾಲ ಭೂಭಾಗದ ಮೇಲಿನ ತನ್ನ ಹಕ್ಕನ್ನು ಟೆಕ್ಸಸ್ ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ಒಂದು ಕೋಟಿ ಡಾಲರ್ ಮೌಲ್ಯದ ಕೇಂದ್ರದ ಬಾಂಡುಗಳನ್ನು, ಎಂದರೆ ಬಡ್ಡಿ ಕೊಡುವ ಸಾಲಪತ್ರಗಳನ್ನು ಪಡೆಯಿತು. ಸ್ವಾತಂತ್ರ್ಯದ ಒಂಬತ್ತು ವರ್ಷಗಳ ಸಾಲ ತೀರಿದ್ದು ಭೂಮಿಯಿಂದ.

ಸಂಶೋಧಕಿ: ಒಕ್ಕೂಟವನ್ನು ಬಿಡುವ ಹಕ್ಕು ಯಾವ ರಾಜ್ಯಕ್ಕೂ ಇಲ್ಲವೆಂದು ಹೇಳಿದ 1869ರ ಟೆಕ್ಸಸ್ ವಿರುದ್ಧ ವೈಟ್ ಎಂಬ ಪ್ರಸಿದ್ಧ ಮೊಕದ್ದಮೆಯೂ ಬಾಂಡುಗಳನ್ನು ಕುರಿತದ್ದೇ ಅಲ್ಲವೆ?

ಅಧ್ಯಾಪಕರು: ಅದೇ ಬಾಂಡುಗಳು. ಖಜಾನೆಯಲ್ಲಿ ಉಳಿದಿದ್ದ ಕೆಲವನ್ನು ಅಂತರ್ಯುದ್ಧದ ಕಾಲದಲ್ಲಿ, ಒಕ್ಕೂಟವನ್ನು ಬಿಟ್ಟಿದ್ದ ಟೆಕ್ಸಸ್ ಸರ್ಕಾರ ಯುದ್ಧದ ಖರ್ಚಿಗಾಗಿ ಮಾರಿತು; ಯುದ್ಧ ಮುಗಿದ ಮೇಲೆ ಹೊಸ ಸರ್ಕಾರ ಅವುಗಳನ್ನು ಮರಳಿ ಕೇಳಿತು. ಟೆಕ್ಸಸ್ ಕಾನೂನಿನ ದೃಷ್ಟಿಯಲ್ಲಿ ಒಕ್ಕೂಟವನ್ನು ಬಿಟ್ಟೇ ಇರಲಿಲ್ಲವೆಂದು ಕೋರ್ಟ್ ತೀರ್ಮಾನಿಸಿದ್ದು ಆ ವ್ಯಾಜ್ಯದಲ್ಲಿ. ಕ್ರಾಂತಿಯಿಂದ ಅಥವಾ ಇತರ ರಾಜ್ಯಗಳ ಸಮ್ಮತಿಯಿಂದ ಮಾತ್ರ ಬೇರ್ಪಡಬಹುದೆಂದೂ ಅದು ಹೇಳಿತು. ಆದರೆ ಸ್ವತಂತ್ರವಾಗಿದ್ದ ಎಲ್ಲರ ಕಥೆಯೂ ಹೀಗೆಯೇ ಎನ್ನಲಾಗದು. ನಿಮ್ಮ ಪಕ್ಷಕ್ಕೆ ಬಲ ಕೊಡುವ ನಿದರ್ಶನವೂ ಇದೆ: ವರ್ಮಾಂಟ್ 1777ರಿಂದ 1791ರವರೆಗೆ ಸ್ವತಂತ್ರವಾಗಿತ್ತು, ತನ್ನದೇ ತಾಮ್ರದ ನಾಣ್ಯ ಟಂಕಿಸಿತು, ಕ್ರಾಂತಿಯುದ್ಧದ ಸಾಲದ ಹೊರೆ ನೆರೆಯವರಿಗಿಂತ ಕಡಿಮೆಯಿದ್ದುದರಿಂದ ತೆರಿಗೆಯೂ ಹಗುರವಾಗಿತ್ತು. ಜನರ ಬೇಡಿಕೆ ಮಿತವಾಗಿದ್ದ, ಸರ್ಕಾರ ಮಾಡುವ ಕೆಲಸ ಇನ್ನೂ ಮಿತವಾಗಿದ್ದ ಆ ಕಾಲದಲ್ಲಿ ಅದು ಚೆನ್ನಾಗಿಯೇ ಬಾಳಿತು.

ಸಂಶೋಧಕಿ: ಇಂದಿನ ರಾಜ್ಯವಾದರೆ ನೋಟು ಮುದ್ರಿಸುವ ಗೋಜಿಗೇ ಹೋಗಬೇಕಿಲ್ಲ. ಎಕ್ವಡಾರ್ 2000ದಲ್ಲಿ ತನ್ನ ಹಣವನ್ನು ಬಿಟ್ಟು ಅಮೆರಿಕದ ಡಾಲರನ್ನೇ ಬಳಸತೊಡಗಿತು; ಪನಾಮಾ ನೂರು ವರ್ಷದಿಂದ ಹಾಗೆಯೇ ನಡೆಸುತ್ತಿದೆ. ಆದರೆ ಇದರಲ್ಲೊಂದು ತೊಡಕಿರುವುದನ್ನು ಒಪ್ಪಬೇಕು. ಯಾವ ಪ್ರದೇಶಗಳು ಒಂದೇ ನಾಣ್ಯವನ್ನು ಹಂಚಿಕೊಳ್ಳುವುದು ಲಾಭಕರ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞ ರಾಬರ್ಟ್ ಮಂಡೆಲ್ 1961ರಲ್ಲಿ ಎತ್ತಿದರು. ಅವರ ಪ್ರಕಾರ, ಒಂದು ಪ್ರದೇಶದಲ್ಲಿ ಉದ್ಯೋಗ ಕುಸಿದಾಗ ಜನ ಇನ್ನೊಂದಕ್ಕೆ ಸುಲಭವಾಗಿ ವಲಸೆ ಹೋಗುವಂತಿದ್ದರೆ ಒಂದೇ ನಾಣ್ಯ ಸಾಕು. ಹಾಗಿಲ್ಲದಿದ್ದರೆ ಕುಸಿದ ಪ್ರದೇಶಕ್ಕೆ ತನ್ನ ನಾಣ್ಯದ ವಿನಿಮಯ ದರವನ್ನು ಇಳಿಸಿಕೊಳ್ಳುವ ದಾರಿಯಾದರೂ ಬೇಕು. ಡಾಲರನ್ನು ಇಟ್ಟುಕೊಂಡು ಹೊರಬಂದ ರಾಜ್ಯಕ್ಕೆ ವಲಸೆಯ ಮೇಲೆ ಗಡಿ ಬೀಳುತ್ತದೆ, ಬಡ್ಡಿ ದರ ನಿರ್ಧರಿಸುವ ಫೆಡರಲ್ ರಿಸರ್ವ್ ಎಂಬ ಕೇಂದ್ರ ಬ್ಯಾಂಕು ಪರದೇಶದ್ದಾಗುತ್ತದೆ.

ಅಧ್ಯಾಪಕರು: ಸ್ವಂತ ನಾಣ್ಯಕ್ಕೆ ಹೋಗುವ ದಾರಿಯಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ. ಚೆಕೊಸ್ಲೊವಾಕಿಯಾ 1993ರ ಜನವರಿ 1ರಂದು ಜಗಳವಿಲ್ಲದೆ ಎರಡಾಯಿತು. ಕನಿಷ್ಠ ಆರು ತಿಂಗಳು ಒಂದೇ ಹಣವನ್ನು ಬಳಸುವುದೆಂದು ಮಾತಾಗಿತ್ತು. ಫೆಬ್ರವರಿ 8ಕ್ಕೇ ಆ ಏರ್ಪಾಡು ಮುಗಿದು, ಹಳೆಯ ನೋಟುಗಳಿಗೆ ಬೇರೆಬೇರೆ ಅಂಚೆಚೀಟಿಯಂಥ ಗುರುತು ಅಂಟಿಸಿ ಎರಡು ಹಣಗಳನ್ನು ಮಾಡಬೇಕಾಯಿತು. ಸ್ಲೊವಾಕಿಯಾದ ಹಣ ಇಳಿಯುತ್ತದೆಂದು ಊಹಿಸಿದವರೆಲ್ಲ ತಮ್ಮ ಉಳಿತಾಯವನ್ನು ಆಗಲೇ ಚೆಕ್ ಬ್ಯಾಂಕುಗಳಿಗೆ ಸಾಗಿಸತೊಡಗಿದ್ದರು. ಸೌಹಾರ್ದದ ವಿಭಜನೆಯಲ್ಲೇ ಹೀಗಾಯಿತೆಂದ ಮೇಲೆ, ಒಂದು ರಾಜ್ಯದಲ್ಲಿ ಪ್ರತ್ಯೇಕತೆಯ ಜನಮತಗಣನೆ ಗೆಲ್ಲುವ ಲಕ್ಷಣ ಕಂಡ ದಿನವೇ ಅಲ್ಲಿನ ಠೇವಣಿದಾರರು ಏನು ಮಾಡುವರೆಂದು ಊಹಿಸುವುದು ಕಷ್ಟವಲ್ಲ. ಸ್ಕಾಟ್ಲೆಂಡಿನ 2014ರ ಜನಮತಗಣನೆಗೆ ಮುಂಚೆ, ಬೇರ್ಪಟ್ಟರೆ ಪೌಂಡನ್ನು ಹಂಚಿಕೊಳ್ಳುವುದಿಲ್ಲವೆಂದು ಬ್ರಿಟಿಷ್ ಸರ್ಕಾರ ಹೇಳಿದ್ದು ಆ ಚರ್ಚೆಯಲ್ಲಿ ದೊಡ್ಡ ತೊಡಕಾಗಿತ್ತು.

ಸಂಶೋಧಕಿ: ಬ್ಯಾಂಕುಗಳ ಮಾತು ಬಂದುದರಿಂದ ಒಂದು ಹೋಲಿಕೆಯನ್ನು ಇಲ್ಲಿಡಬಹುದು. ಸಿಯಾಟಲ್ ನಗರದಲ್ಲಿ ನೆಲೆಯಿದ್ದ ವಾಷಿಂಗ್ಟನ್ ಮ್ಯೂಚುಯಲ್ 2008ರ ಸೆಪ್ಟೆಂಬರಿನಲ್ಲಿ ಮುಳುಗಿತು. ಅಮೆರಿಕದ ಇತಿಹಾಸದಲ್ಲೇ ಅದು ಅತಿ ದೊಡ್ಡ ಬ್ಯಾಂಕ್ ವೈಫಲ್ಯ. ಅದರ ಆಸ್ತಿ 30,000 ಕೋಟಿ ಡಾಲರನ್ನು ಮೀರಿತ್ತು, ಎಂದರೆ ಇಡೀ ವಾಷಿಂಗ್ಟನ್ ರಾಜ್ಯದ ಒಂದು ವರ್ಷದ ಉತ್ಪನ್ನದ ಸಮೀಪಕ್ಕೆ ಬರುತ್ತಿತ್ತು. ಕೇಂದ್ರದ ಠೇವಣಿ ವಿಮಾ ಸಂಸ್ಥೆ ಅದನ್ನು ವಶಪಡಿಸಿಕೊಂಡು ಕೂಡಲೇ ಇನ್ನೊಂದು ಬ್ಯಾಂಕಿಗೆ ಮಾರಿತು. ರಾಜ್ಯದ ಖಜಾನೆಯಿಂದ ಒಂದು ಡಾಲರೂ ಖರ್ಚಾಗಲಿಲ್ಲ. ಅದಾದ ಕೆಲವೇ ದಿನಗಳಲ್ಲಿ ಐಸ್‌ಲ್ಯಾಂಡಿನ ಮೂರು ದೊಡ್ಡ ಬ್ಯಾಂಕುಗಳು ಕುಸಿದವು. ಅವುಗಳ ಆಸ್ತಿ ದೇಶದ ಉತ್ಪನ್ನದ ಸುಮಾರು ಹತ್ತು ಪಟ್ಟು ಇತ್ತು, ಅಂಥ ಬ್ಯಾಂಕುಗಳನ್ನು ಉಳಿಸುವ ಶಕ್ತಿ ಸರ್ಕಾರಕ್ಕಿರಲಿಲ್ಲ. ಹಣದ ಬೆಲೆ ಅರ್ಧಕ್ಕೆ ಇಳಿಯಿತು, ಬಂಡವಾಳ ದೇಶದಿಂದ ಹೊರಹೋಗದಂತೆ ಹಾಕಿದ ನಿರ್ಬಂಧ 2017ರವರೆಗೂ ಇತ್ತು. ಇದು ತಮ್ಮ ವಾದಕ್ಕೆ ಅನುಕೂಲ. ಆದರೆ ಅದೇ ಇಳಿದ ಹಣದಿಂದ ಐಸ್‌ಲ್ಯಾಂಡಿನ ಮೀನು ಮತ್ತು ಪ್ರವಾಸೋದ್ಯಮ ಚೇತರಿಸಿಕೊಂಡು, ದೇಶ ಕೆಲವೇ ವರ್ಷಗಳಲ್ಲಿ ಮತ್ತೆ ಎದ್ದು ನಿಂತಿತೆಂಬುದೂ ನಿಜ.

ಅಧ್ಯಾಪಕರು: ಎದ್ದು ನಿಂತಿತು, ನಿಜ. ಆದ್ದರಿಂದಲೇ ‘ಬಾಳಬಲ್ಲದೆ’ ಎಂಬ ಪ್ರಶ್ನೆಗಿಂತ ‘ಯಾರ ವೆಚ್ಚದಲ್ಲಿ’ ಎಂಬುದು ಹೆಚ್ಚು ಮುಖ್ಯ. ಒಕ್ಕೂಟ ಮಾಡುವ ಕೆಲಸಗಳಲ್ಲಿ ಅತ್ಯಂತ ದೊಡ್ಡದು ಯಾರ ಕಣ್ಣಿಗೂ ಬೀಳದೆ ನಡೆಯುತ್ತದೆ. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ಕನೆಕ್ಟಿಕಟ್‌ನಂಥ ಶ್ರೀಮಂತ ರಾಜ್ಯಗಳ ಜನ ಕೇಂದ್ರಕ್ಕೆ ಕಟ್ಟುವ ತೆರಿಗೆ ಸಾಮಾನ್ಯವಾಗಿ ಅಲ್ಲಿಗೆ ಮರಳುವ ಹಣಕ್ಕಿಂತ ಹೆಚ್ಚು. ಮಿಸಿಸಿಪ್ಪಿ, ಪಶ್ಚಿಮ ವರ್ಜೀನಿಯಾ, ಕೆಂಟಕಿಗಳಲ್ಲಿ ಇದು ತಿರುಗುಮುರುಗು. ಕಡಿಮೆ ಆದಾಯದವರಿಗೆ ಆರೋಗ್ಯ ವೆಚ್ಚ ಭರಿಸುವ ಮೆಡಿಕೇಡ್ ಯೋಜನೆಯಲ್ಲಿ ಶ್ರೀಮಂತ ರಾಜ್ಯಕ್ಕೆ ಕೇಂದ್ರದ ಪಾಲು ಅರ್ಧದಷ್ಟಿದ್ದರೆ ಮಿಸಿಸಿಪ್ಪಿಗೆ ಮುಕ್ಕಾಲಿಗೂ ಹೆಚ್ಚು. ಭಾರತದಲ್ಲಿ ಸಂವಿಧಾನದ 280ನೆಯ ವಿಧಿಯಂತೆ ನೇಮಕವಾಗುವ ಹಣಕಾಸು ಆಯೋಗ ಇಂಥ ಹಂಚಿಕೆಯನ್ನು ರಾಜ್ಯವಾರು ಅಂಕಿಯಾಗಿ ಪ್ರಕಟಿಸುತ್ತದೆ. ಹದಿನೈದನೆಯ ಆಯೋಗದಲ್ಲಿ ಕರ್ನಾಟಕದ ಪಾಲು ಶೇ. 4.713ರಿಂದ 3.647ಕ್ಕೆ ಇಳಿದಾಗ ಕನ್ನಡ ಪತ್ರಿಕೆಗಳಲ್ಲಿ ಚರ್ಚೆ ನಡೆಯಲು ಸಾಧ್ಯವಾದದ್ದು ಅದರಿಂದಲೇ. ಅಮೆರಿಕದಲ್ಲಿ ಅಂಥ ಆಯೋಗವಿಲ್ಲ; ಹಣದ ಬಹುಭಾಗ ರಾಜ್ಯ ಸರ್ಕಾರಕ್ಕೆ ಹೋಗದೆ ನೇರವಾಗಿ ವೃದ್ಧರ ಪಿಂಚಣಿಯಾಗಿ, ಚಿಕಿತ್ಸೆಯ ವೆಚ್ಚವಾಗಿ, ಸೈನಿಕರ ಸಂಬಳವಾಗಿ ವ್ಯಕ್ತಿಗಳನ್ನು ಸೇರುತ್ತದೆ. ಹಾಗಾಗಿ ಪಡೆಯುವ ರಾಜ್ಯದ ಜನರಿಗೂ ತಾವು ಪಡೆಯುತ್ತಿದ್ದೇವೆಂಬ ಅರಿವು ಅಷ್ಟಾಗಿ ಇರುವುದಿಲ್ಲ.

ಸಂಶೋಧಕಿ: ಕೊಡುವ ರಾಜ್ಯ ಹೊರಬಂದರೆ ಆ ಹಣ ಉಳಿಯುತ್ತದಲ್ಲವೆ?

ಅಧ್ಯಾಪಕರು: ಉಳಿಯುತ್ತದೆ, ಜೊತೆಗೆ ಒಂದು ಹಳೆಯ ಸಾಲವೂ ಬರುತ್ತದೆ. ಅಮೆರಿಕ ಕೇಂದ್ರ ಸರ್ಕಾರದ ಸಾಲ 2024ರ ಕೊನೆಗೆ 36 ಲಕ್ಷ ಕೋಟಿ ಡಾಲರನ್ನು ದಾಟಿತ್ತು. ಜನಸಂಖ್ಯೆಯ ಪ್ರಕಾರ ಹಂಚಿದರೆ ಕ್ಯಾಲಿಫೋರ್ನಿಯಾದ ಪಾಲು ಸುಮಾರು ನಾಲ್ಕು ಲಕ್ಷ ಕೋಟಿ; ನೀವು ಆರಂಭದಲ್ಲಿ ಹೇಳಿದ ಅದರ ಇಡೀ ವಾರ್ಷಿಕ ಉತ್ಪನ್ನದಷ್ಟು. ಇಂದು ಆ ಸಾಲವನ್ನು ಡಾಲರ್ ಹೊರಡಿಸುವ ಸರ್ಕಾರವೇ ಹೊತ್ತಿರುವುದರಿಂದ ಜಗತ್ತು ಕಡಿಮೆ ಬಡ್ಡಿಗೆ ಕೊಡುತ್ತದೆ. ಹೊಸ ರಾಷ್ಟ್ರ ತಾನು ಹೊರಡಿಸಲಾರದ ಹಣದಲ್ಲಿ ಅದನ್ನು ತೀರಿಸಬೇಕಾಗುತ್ತದೆ.

ಸಂಶೋಧಕಿ: ಕ್ಯಾಲಿಫೋರ್ನಿಯಾಕ್ಕೆ ಸಾಲಕ್ಕಿಂತ ಗಂಭೀರವಾದದ್ದು ನೀರು ಎಂದು ತೋರುತ್ತದೆ. ಒಂದು ಎಕರೆ ನೆಲದ ಮೇಲೆ ಒಂದು ಅಡಿ ಎತ್ತರಕ್ಕೆ ನಿಲ್ಲುವ ನೀರನ್ನು ಎಕರೆ-ಅಡಿ ಎನ್ನುತ್ತಾರೆ. ಅದು ಸುಮಾರು 12 ಲಕ್ಷ ಲೀಟರ್. ಕೊಲರಾಡೊ ನದಿಯ ಕೆಳಕಣಿವೆಗೆ 1922ರ ಒಪ್ಪಂದ ಗೊತ್ತುಪಡಿಸಿದ ವರ್ಷಕ್ಕೆ 75 ಲಕ್ಷ ಎಕರೆ-ಅಡಿಯಲ್ಲಿ 44 ಲಕ್ಷ ಕ್ಯಾಲಿಫೋರ್ನಿಯಾಕ್ಕೆ ಸಲ್ಲುತ್ತದೆ, ಮರುಭೂಮಿಯಾಗಿದ್ದ ಇಂಪೀರಿಯಲ್ ಕಣಿವೆಯ ಬೇಸಾಯ ಪೂರ್ತಿಯಾಗಿ ಅದರ ಮೇಲೆ ನಿಂತಿದೆ. ಆ ನದಿ ಹುಟ್ಟುವುದೂ ಹೆಚ್ಚಿನ ನೀರನ್ನು ಕೂಡಿಸಿಕೊಳ್ಳುವುದೂ ಕೊಲರಾಡೊ, ವಯೋಮಿಂಗ್, ಯೂಟಾಗಳಲ್ಲಿ.

ಅಧ್ಯಾಪಕರು: ನದಿಯ ಕೆಳಗಿರುವ ಪರದೇಶವಾಗುವುದೆಂದರೆ ಏನೆಂದು ಮೆಕ್ಸಿಕೊಗೆ ಗೊತ್ತು. 1944ರ ಒಪ್ಪಂದದಿಂದ ಅದಕ್ಕೆ ವರ್ಷಕ್ಕೆ 15 ಲಕ್ಷ ಎಕರೆ-ಅಡಿ ಸಿಗುತ್ತಿತ್ತು. ಆದರೆ 1961ರಿಂದ ಅರಿಜೋನದ ಹೊಲಗಳಿಂದ ಬಸಿದ ಉಪ್ಪುನೀರು ನದಿಗೆ ಸೇರಿ ಮೆಹಿಕಾಲಿ ಕಣಿವೆಯ ಬೆಳೆ ಹಾಳಾಯಿತು. ಒಪ್ಪಂದದಲ್ಲಿ ನೀರಿನ ಪ್ರಮಾಣವಿತ್ತು, ಗುಣವಿರಲಿಲ್ಲ. ಅದನ್ನು ಸರಿಪಡಿಸುವ ಒಪ್ಪಂದಕ್ಕೆ 1973ರವರೆಗೆ ಕಾಯಬೇಕಾಯಿತು. ಅದೇ ನದಿಯ ನೀರಿಗಾಗಿ ಅರಿಜೋನ ಮತ್ತು ಕ್ಯಾಲಿಫೋರ್ನಿಯಾ ಜಗಳವಾಡಿದಾಗ ಎರಡೂ ಒಂದೇ ಸುಪ್ರೀಂ ಕೋರ್ಟಿಗೆ ಹೋಗಲು ಸಾಧ್ಯವಿತ್ತು.

ಸಂಶೋಧಕಿ: ಟೆಕ್ಸಸ್‌ಗೆ ಇಂಥ ತೊಡಕಿಲ್ಲ. ವಿದ್ಯುತ್ತಿನಲ್ಲಂತೂ ಅದು ಈಗಾಗಲೇ ಬಹುಮಟ್ಟಿಗೆ ಸ್ವತಂತ್ರ.

ಅಧ್ಯಾಪಕರು: ಆ ಸ್ವಾತಂತ್ರ್ಯದ ಪರೀಕ್ಷೆ 2021ರ ಫೆಬ್ರವರಿಯಲ್ಲಿ ನಡೆಯಿತು. ರಾಜ್ಯಗಳ ಗಡಿ ದಾಟುವ ವಿದ್ಯುತ್ತಿನ ಮೇಲೆ ಕೇಂದ್ರಕ್ಕೆ ನಿಯಂತ್ರಣ ಕೊಟ್ಟ 1935ರ ಕಾಯ್ದೆಯಿಂದ ತಪ್ಪಿಸಿಕೊಳ್ಳಲು ಟೆಕ್ಸಸ್‌ನ ಕಂಪನಿಗಳು ತಮ್ಮ ಜಾಲವನ್ನು ಗಡಿಯೊಳಗೇ ಉಳಿಸಿಕೊಂಡವು. ರಾಜ್ಯದ ಬೇಡಿಕೆಯಲ್ಲಿ ಶೇ. 90ರಷ್ಟನ್ನು ಆ ಜಾಲವೇ ಪೂರೈಸುತ್ತದೆ. ಹಿಮಗಾಳಿ ಬೀಸಿ ಅನಿಲದ ಬಾವಿಗಳೂ ವಿದ್ಯುತ್ ಸ್ಥಾವರಗಳೂ ಹೆಪ್ಪುಗಟ್ಟಿದಾಗ, ನೆರೆಯಿಂದ ದೊಡ್ಡ ಪ್ರಮಾಣದಲ್ಲಿ ವಿದ್ಯುತ್ ತರಲು ತಂತಿಗಳೇ ಇರಲಿಲ್ಲ. 45 ಲಕ್ಷಕ್ಕೂ ಹೆಚ್ಚು ಮನೆ ಮತ್ತು ಅಂಗಡಿಗಳು ಕತ್ತಲಾದವು, ಸರ್ಕಾರಿ ಲೆಕ್ಕದಂತೆಯೇ 246 ಜನ ಸತ್ತರು. ಅದೇ ರಾಜ್ಯದ ಪಶ್ಚಿಮ ತುದಿಯಲ್ಲಿರುವ ಎಲ್ ಪಾಸೊ ನಗರ ಬೇರೆ ರಾಜ್ಯಗಳ ಜಾಲಕ್ಕೆ ಸೇರಿದ್ದರಿಂದ ಬಹುಮಟ್ಟಿಗೆ ಪಾರಾಯಿತು. ಸ್ಥಾವರಗಳನ್ನು ಚಳಿಗೆ ಸಜ್ಜುಗೊಳಿಸದಿದ್ದುದೂ ದೊಡ್ಡ ಕಾರಣವೇ. ತಂತಿಗಳಷ್ಟೇ ಇದ್ದರೆ ಎಲ್ಲರೂ ಉಳಿಯುತ್ತಿದ್ದರೆನ್ನಲಾಗದು. ಆದರೆ ಎಷ್ಟು ಶ್ರೀಮಂತ, ಎಷ್ಟು ತೈಲವಿರುವ ರಾಜ್ಯಕ್ಕೂ ಆಪತ್ತಿನ ವಾರದಲ್ಲಿ ನೆರೆ ಬೇಕಾಗುತ್ತದೆಂಬುದು ಅಲ್ಲಿ ಮನೆಮನೆಗೂ ತಿಳಿಯಿತು.

ಸಂಶೋಧಕಿ: ಇಷ್ಟೆಲ್ಲದರ ನಂತರವೂ ಕ್ಯಾಲಿಫೋರ್ನಿಯಾ, ಟೆಕ್ಸಸ್, ನ್ಯೂಯಾರ್ಕ್, ವಾಷಿಂಗ್ಟನ್ ರಾಜ್ಯಗಳು ರಾಷ್ಟ್ರಗಳಾಗಿ ನಿಲ್ಲಬಲ್ಲವೆಂಬ ಅಭಿಪ್ರಾಯವನ್ನು ಬಿಡಲಾಗುವುದಿಲ್ಲ, ಸರ್. ಈಗಿರುವುದಕ್ಕಿಂತ ಬಡವಾಗಿ, ಹಲವು ವರ್ಷ ಕಷ್ಟಪಟ್ಟು, ಆದರೂ ಪೋರ್ಚುಗಲ್ ಅಥವಾ ಸ್ಪೇನಿಗಿಂತ ಉತ್ತಮ ಸ್ಥಿತಿಯಲ್ಲಿ. ಅಲಾಸ್ಕಾಕ್ಕೆ ತೈಲದ ಆದಾಯವನ್ನು ಕೂಡಿಟ್ಟ ಶಾಶ್ವತ ನಿಧಿಯಿದ್ದರೂ ತೈಲ ಮುಗಿದ ಮೇಲಿನ ದಾರಿ ಸ್ಪಷ್ಟವಿಲ್ಲ. ಆದರೆ ಪಶ್ಚಿಮ ವರ್ಜೀನಿಯಾದ ಕಲ್ಲಿದ್ದಲು ಗಣಿಗಳ ಊರಿನಲ್ಲಿ ಗಣಿಯ ಧೂಳಿನಿಂದ ಶ್ವಾಸಕೋಶ ಹಾಳಾದವರು ಕೇಂದ್ರದ ಪರಿಹಾರವನ್ನೂ ಪಿಂಚಣಿಯನ್ನೂ ನಂಬಿ ಬದುಕುತ್ತಿರುವಾಗ, ಅಲ್ಲಿ ಈ ಪ್ರಶ್ನೆಯನ್ನು ಕೇಳುವುದೇ ಕ್ರೂರವೆನಿಸುತ್ತದೆ. ಕ್ಯಾಲಿಫೋರ್ನಿಯಾದಿಂದ ಆರಂಭಿಸುವವರು ಲೆಕ್ಕವನ್ನು ಸುಲಭದ ತುದಿಯಿಂದ ಹಿಡಿಯುತ್ತಾರೆ.

ಅಧ್ಯಾಪಕರು: ಪಶ್ಚಿಮ ವರ್ಜೀನಿಯಾದ ಹೆಸರೆತ್ತಿದಿರಿ, ಬೇರ್ಪಡುವುದರ ಲೆಕ್ಕ ಎಷ್ಟು ಕಾಲ ನಡೆಯುತ್ತದೆಂಬುದಕ್ಕೂ ಅದೇ ನಿದರ್ಶನ. ಅಂತರ್ಯುದ್ಧದ ನಡುವೆ ವರ್ಜೀನಿಯಾದಿಂದ ಒಡೆದು 1863ರಲ್ಲಿ ಅದು ಒಕ್ಕೂಟದೊಳಗೇ ಬೇರೆ ರಾಜ್ಯವಾಯಿತು. ರಸ್ತೆ, ಕಾಲುವೆ, ರೈಲುಗಳಿಗಾಗಿ ವರ್ಜೀನಿಯಾ ಮಾಡಿದ್ದ ಹಳೆಯ ಸಾಲದಲ್ಲಿ ನ್ಯಾಯವಾದ ಪಾಲನ್ನು ಹೊರುವುದಾಗಿ ತನ್ನ ಸಂವಿಧಾನದಲ್ಲೇ ಬರೆದುಕೊಂಡಿತ್ತು. ನ್ಯಾಯವಾದ ಪಾಲು ಎಷ್ಟೆಂಬುದರಲ್ಲಿ ಒಮ್ಮತವಾಗಲಿಲ್ಲ. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, ಬಡ್ಡಿ ಸೇರಿ 1.2 ಕೋಟಿ ಡಾಲರಿಗೂ ಹೆಚ್ಚೆಂದು 1915ರಲ್ಲಿ ತೀರ್ಪಾಯಿತು. ಕೊನೆಯ ಕಂತು ಸಂದಾಯವಾದದ್ದು 1939ರಲ್ಲಿ. ಒಡೆದ ದಿನ ಹುಟ್ಟಿದ ಮಗು ಎಪ್ಪತ್ತಾರು ವರ್ಷದ ವೃದ್ಧರಾಗುವವರೆಗೆ ಆ ಕಡತ ಮುಚ್ಚಲಿಲ್ಲ.

ಸಂಶೋಧಕಿ: ಅಲ್ಲಿ ಎರಡು ಪಕ್ಷಗಳಿಗೂ ಒಂದೇ ನಾಣ್ಯ, ಒಂದೇ ಕೋರ್ಟ್ ಇದ್ದವು. ಹೊರಬಂದ ರಾಜ್ಯಕ್ಕೆ ಎರಡೂ ಇರುವುದಿಲ್ಲ.

ಅಧ್ಯಾಪಕರು: ಇರುವುದಿಲ್ಲ. ಓಹಾಯೊದಲ್ಲಿ ಮೂವತ್ತು ವರ್ಷ ದುಡಿದು ಫ್ಲಾರಿಡಾದಲ್ಲಿ ನೆಲೆಸಿದವರ ಪಿಂಚಣಿಯನ್ನು ಯಾವ ರಾಷ್ಟ್ರ ಯಾವ ಹಣದಲ್ಲಿ ಕೊಡಬೇಕೆಂಬುದರಿಂದ ಹಿಡಿದು, ಸೇನಾನೆಲೆಗಳು, ಕೇಂದ್ರದ ಅರಣ್ಯಗಳು, ಅಣೆಕಟ್ಟುಗಳ ಒಡೆತನದವರೆಗೆ ಪ್ರತಿಯೊಂದಕ್ಕೂ ಒಪ್ಪಂದ ಬೇಕಾಗುತ್ತದೆ, ಮತ್ತು ಪ್ರತಿಯೊಂದರಲ್ಲೂ ಎದುರಿಗೆ ಕೂರುವವರು ಹಲವು ಪಟ್ಟು ದೊಡ್ಡವರಾಗಿರುತ್ತಾರೆ. ಆ ಮಾತುಕತೆ ಮುಗಿಯುವವರೆಗೆ ಹೊಸ ರಾಷ್ಟ್ರಕ್ಕೆ ಸಾಲ ಕೊಡುವವರು ಅನಿಶ್ಚಿತತೆಗೂ ಸೇರಿಸಿ ಬಡ್ಡಿ ಕೇಳುತ್ತಾರೆ. ಬಂಡವಾಳವಿದ್ದವರು ಅಷ್ಟರೊಳಗೆ ಗಡಿ ದಾಟಿರುತ್ತಾರೆ. ಆ ಬಡ್ಡಿಯನ್ನು ಕಟ್ಟುವವರು ಅಲ್ಲೇ ಉಳಿಯಬೇಕಾದ ಶಾಲಾ ಶಿಕ್ಷಕರು, ದಾದಿಯರು, ಬೇಸಾಯಗಾರರು.